ಪಾರ್ಶ್ವವಾಯುವಿನ ನಂತರ ತೋಳಿನ ಪುನಶ್ಚೇತನಕ್ಕೆ ತೊಡುಸಾಧನಗಳು

ಪಾರ್ಶ್ವವಾಯುವಿನಿಂದ ಬಲಗುಂದಿದ ತೋಳು ಮತ್ತು ಕೈಯ ಚಲನೆಯನ್ನು ಅಳೆಯಲು, ಪ್ರಚೋದಿಸಲು ಇಲ್ಲವೇ ನೆರವು ಕೊಟ್ಟು ನಡೆಸಲು ರೋಗಿಯು ಮೈಮೇಲೆ ತೊಟ್ಟುಕೊಳ್ಳುವ ಎಲೆಕ್ಟ್ರಾನಿಕ್ ಮತ್ತು ಯಾಂತ್ರಿಕ ಉಪಕರಣಗಳಿಗೆ ತೋಳಿನ ಪುನಶ್ಚೇತನದ ತೊಡುಸಾಧನಗಳು ಎಂದು ಹೆಸರು. ಮಣಿಕಟ್ಟಿನ ಸಂವೇದಕ ಪಟ್ಟಿ, ಬೆರಳುಗಳ ಬಾಗುವಿಕೆಯನ್ನು ಗುರುತಿಸುವ ಕೈಗವಸು, ಸ್ನಾಯುಗಳಿಗೆ ವಿದ್ಯುತ್ ಸ್ಪಂದನ ಕೊಡುವ ತೋಳಪಟ್ಟಿ, ಮೋಟಾರು ಜೋಡಿಸಿದ ಹೊರಕವಚ ಇವೆಲ್ಲ ಈ ಗುಂಪಿಗೆ ಸೇರುತ್ತವೆ. ಆಸ್ಪತ್ರೆಯ ಕೋಣೆಯಲ್ಲಿ ನೆಲಕ್ಕೆ ಊರಿ ನಿಲ್ಲಿಸುವ ರೋಬಾಟ್ ಯಂತ್ರಗಳು ಇವುಗಳ ಹತ್ತಿರದ ನೆಂಟರಾದರೂ ತೊಡುಸಾಧನಗಳಲ್ಲ.

ಈ ಲೇಖನದಲ್ಲಿ ಪಾರ್ಶ್ವವಾಯು ಎಂದರೆ ಮಿದುಳಿನ ರಕ್ತನಾಳ ಕಟ್ಟಿಕೊಂಡು ಅಥವಾ ಒಡೆದು ಉಂಟಾಗುವ ಸ್ಟ್ರೋಕ್. ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿ ಕಡೆ ಜನ ಇದನ್ನು ಲಕ್ವ ಎನ್ನುತ್ತಾರೆ. ಮುಖದ ನರವೊಂದೇ ಸೋತು ಬಾಯಿ ಸೊಟ್ಟಗಾಗುವ ಕಾಯಿಲೆಯನ್ನೂ ಅದೇ ಹೆಸರಿನಿಂದ ಕರೆಯುವುದುಂಟು. ಆದರೆ ಮುಖದ ಲಕ್ವ ಬಹುಪಾಲು ಜನರಲ್ಲಿ ತಾನಾಗಿಯೇ ವಾಸಿಯಾಗುತ್ತದೆ. ಲಕ್ವಕ್ಕೆ ಕೊಡುವ ನಾಟಿ ಔಷಧಿಗೆ ಸಲ್ಲುವ ಕೀರ್ತಿಯಲ್ಲಿ ಹೀಗೆ ತಾನಾಗಿ ವಾಸಿಯಾಗುವುದರ ಪಾಲೂ ಇದೆ. ತೋಳು ಸೋಲುವ ಪಾರ್ಶ್ವವಾಯುವಿನ ದಾರಿ ಬೇರೆ.

ತೋಳು ಸೋಲುವ ಬಗೆ

ಮಿದುಳಿನ ಹೊರಪದರದಿಂದ ಹೊರಡುವ ಚಲನೆಯ ನರತಂತುಗಳಲ್ಲಿ ಹೆಚ್ಚಿನವು ಮಿದುಳ ಕಾಂಡದ ಕೆಳಭಾಗದಲ್ಲಿ ಎದುರು ಬದಿಗೆ ದಾಟುತ್ತವೆ. ಎಡಮಿದುಳಿಗೆ ಪೆಟ್ಟಾದರೆ ಬಲಗೈ ಬಲಗಾಲು ಸೋಲುವುದು ಇದೇ ಕಾರಣಕ್ಕೆ. ಸ್ಟ್ರೋಕ್ ಹೆಚ್ಚಾಗಿ ತಟ್ಟುವುದು ಮಿದುಳಿನ ಮಧ್ಯಧಮನಿಯ ವಲಯಕ್ಕೆ, ಈ ಧಮನಿ ರಕ್ತ ಒದಗಿಸುವ ಭಾಗದಲ್ಲಿ ಮುಖ ಮತ್ತು ಕೈಯ ಚಲನೆಯ ಕೇಂದ್ರಗಳಿವೆ. ಕಾಲಿನ ಕೇಂದ್ರ ಇನ್ನೊಂದು ಧಮನಿಯ ಆಸರೆಯಲ್ಲಿದೆ. ಹಾಗಾಗಿ ಎಷ್ಟೋ ಜನ ಕೆಲವೇ ವಾರಗಳಲ್ಲಿ ಕೋಲು ಹಿಡಿದು ನಡೆದಾಡತೊಡಗಿದರೂ ಕೈ ಮಾತ್ರ ಎದೆಗೆ ಮಡಚಿಕೊಂಡೇ ಉಳಿಯುತ್ತದೆ.

ಮೊದಲ ದಿನಗಳಲ್ಲಿ ತೋಳು ಜೋತುಬೀಳುತ್ತದೆ, ಅದರ ಭಾರಕ್ಕೆ ಭುಜದ ಕೀಲು ಸ್ವಲ್ಪ ಕೆಳಕ್ಕೆ ಜಾರಬಹುದು. ಮುಂದೆ ಸ್ನಾಯುಗಳ ಬಿಗಿತ ಶುರುವಾಗುತ್ತದೆ. ಭುಜ ಎತ್ತಹೋದರೆ ಮೊಣಕೈ ತಾನಾಗಿ ಮಡಚಿಕೊಳ್ಳುತ್ತದೆ, ಮುಷ್ಟಿ ಬಿಚ್ಚುವುದಿಲ್ಲ. ಚೇತರಿಕೆಯ ದೊಡ್ಡ ಪಾಲು ಮೊದಲ ಮೂರು ತಿಂಗಳಲ್ಲೇ ಆಗುತ್ತದೆ. ಎಷ್ಟು ಚೇತರಿಕೆ ನಿರೀಕ್ಷಿಸಬಹುದು ಎಂದು ತಿಳಿಯಲು ಯಾವ ಯಂತ್ರವೂ ಬೇಡದ ಪರೀಕ್ಷೆಯೊಂದಿದೆ. 2010ರಲ್ಲಿ ಪ್ರಕಟವಾದ ನೆದರ್ಲೆಂಡ್ಸ್‌ನ ಅಧ್ಯಯನದ ಪ್ರಕಾರ, ಎರಡನೆಯ ದಿನವೇ ಬೆರಳುಗಳನ್ನು ತುಸುವಾದರೂ ಬಿಡಿಸಿ ಭುಜವನ್ನು ಪಕ್ಕಕ್ಕೆ ಎತ್ತಬಲ್ಲವರಿಗೆ ಆರು ತಿಂಗಳ ಹೊತ್ತಿಗೆ ಕೈಚಳಕ ಒಂದಿಷ್ಟಾದರೂ ಮರಳುವ ಸಂಭವ ಶೇ. 98. ಎರಡೂ ಆಗದವರಿಗೆ ಅದು ಶೇ. 25 ಮಾತ್ರ.

ತೊಡುಸಾಧನಗಳ ಹಿಂದಿನ ಮುಖ್ಯ ಪರಿಕಲ್ಪನೆ 'ಕಲಿತ ನಿರ್ಬಳಕೆ'. ಸೋತ ಕೈಯಿಂದ ಕೆಲಸವಾಗದೆ ರೋಗಿ ಎಲ್ಲಕ್ಕೂ ಒಳ್ಳೆಯ ಕೈಯನ್ನೇ ಮುಂದೆ ಮಾಡುತ್ತಾನೆ. ಮುಂದೆ ಸೋತ ಕೈಗೆ ಶಕ್ತಿ ಬಂದರೂ ಅದನ್ನು ಬಳಸುವ ರೂಢಿ ಅಳಿಸಿಹೋಗಿರುತ್ತದೆ. ಅಮೆರಿಕದ ಮನೋವಿಜ್ಞಾನಿ ಎಡ್ವರ್ಡ್ ಟಾಬ್ ಮಂಗಗಳ ಮೇಲಿನ ಪ್ರಯೋಗಗಳಿಂದ ಇದನ್ನು ಗುರುತಿಸಿದರು. ಕೈಗೆ ಏನು ಮಾಡಲು ಸಾಧ್ಯ ಎಂಬುದೇ ಬೇರೆ, ಮನೆಯಲ್ಲಿ ಅದು ಏನು ಮಾಡುತ್ತಿದೆ ಎಂಬುದೇ ಬೇರೆ. ಮೊದಲನೆಯದನ್ನು ಫಿಸಿಯೋಥೆರಪಿಸ್ಟ್ ಆಸ್ಪತ್ರೆಯಲ್ಲೇ ಅಳೆಯಬಲ್ಲರು. ಅದಕ್ಕೆ 1975ರಲ್ಲಿ ಸ್ವೀಡನ್ನಿನಲ್ಲಿ ರೂಪುಗೊಂಡ, ತೋಳಿಗೆ 66 ಅಂಕಗಳಿರುವ ಫ್ಯೂಗಲ್-ಮೇಯರ್ ಮಾಪನವಿದೆ. ಎರಡನೆಯದನ್ನು ಅಳೆಯಬೇಕಾದರೆ ಸಾಧನವೇ ರೋಗಿಯ ಜೊತೆ ಮನೆಗೆ ಹೋಗಬೇಕು.

ಉಗಮ

ವಿದ್ಯುತ್ ಸ್ಪಂದನದಿಂದ ಸೋತ ಅಂಗವನ್ನು ಕೆಲಸಕ್ಕೆ ಹಚ್ಚುವ ತೊಡುಸಾಧನ ಮೊದಲು ಬಂದದ್ದು ಕಾಲಿಗೆ. 1961ರಲ್ಲಿ ಲಿಬರ್ಸನ್ ಮತ್ತು ಸಂಗಡಿಗರು ಪಾದ ಜೋತುಬೀಳುವವರಿಗಾಗಿ, ಹಿಮ್ಮಡಿಯಲ್ಲಿ ಸ್ವಿಚ್ ಇರುವ ಪ್ರಚೋದಕವನ್ನು ವಿವರಿಸಿದರು. ಕೈಗೆ ತೊಡುವ ಪ್ರಚೋದಕ ಕವಚಗಳು ಇಸ್ರೇಲಿನಲ್ಲಿ ಬೆಳೆದು ಆಮೇಲೆ ಮಾರುಕಟ್ಟೆಗೆ ಬಂದವು. 1990ರ ದಶಕದಲ್ಲಿ ಮ್ಯಾಸಚೂಸೆಟ್ಸ್ ತಂತ್ರಜ್ಞಾನ ಸಂಸ್ಥೆಯ ನೆವಿಲ್ ಹೋಗನ್, ಹರ್ಮಾನೊ ಇಗೊ ಕ್ರೆಬ್ಸ್ ಮೊದಲಾದವರು ರೂಪಿಸಿದ ಎಂಐಟಿ-ಮಾನಸ್ ಎಂಬ ಮೇಜಿನ ರೋಬಾಟ್ ತೋಳಿನ ಯಾಂತ್ರಿಕ ತರಬೇತಿಗೆ ತಳಹದಿ ಹಾಕಿತು. 2000ದ ಸುಮಾರಿಗೆ ಅಲಬಾಮಾ ವಿಶ್ವವಿದ್ಯಾಲಯದ ಗಿತೇಂದ್ರ ಉಸ್ವಟ್ಟೆ ಮತ್ತು ಟಾಬ್ ಮಣಿಕಟ್ಟಿಗೆ ವೇಗೋತ್ಕರ್ಷ ಮಾಪಕ ಕಟ್ಟಿ, ಆಸ್ಪತ್ರೆಯ ಹೊರಗೆ ಕೈ ಬಳಕೆಯಾಗುವುದನ್ನು ದಾಖಲಿಸಿದರು. ಮುಂದೆ ಮೊಬೈಲ್ ಫೋನಿನ ಉದ್ಯಮದಿಂದಾಗಿ ಸಂವೇದಕ ಚಿಪ್ಪುಗಳು ಅಗ್ಗವಾದವು, ಈ ವಿಧಾನ ಹರಡಿತು. 2015ರ ಹೊತ್ತಿಗೆ ಹಾರ್ವರ್ಡ್‌ನ ಕಾನರ್ ವಾಲ್ಶ್ ತಂಡ ಲೋಹದ ಬದಲು ಮೆತ್ತನೆಯ ರಬ್ಬರಿನ ಕೊಳವೆಗಳಿಗೆ ದ್ರವದ ಒತ್ತಡ ಕೊಟ್ಟು ಬೆರಳು ಮಡಚುವ ಕೈಗವಸನ್ನು ತೋರಿಸಿತು.

ಇನ್ನೂ ಸರಳವಾದ ತೊಡುಗೆಯೊಂದನ್ನು ಇಲ್ಲಿ ಬಿಡುವಂತಿಲ್ಲ. ಟಾಬ್ ರೂಪಿಸಿದ ನಿರ್ಬಂಧ ಚಿಕಿತ್ಸೆಯಲ್ಲಿ ಒಳ್ಳೆಯ ಕೈಗೆ ದಪ್ಪ ಕೈಚೀಲ ತೊಡಿಸಿ, ಸೋತ ಕೈಯನ್ನೇ ಬಳಸುವಂತೆ ಮಾಡುತ್ತಾರೆ. 222 ಜನರ ಮೇಲೆ ಅಮೆರಿಕದಲ್ಲಿ ನಡೆದು 2006ರಲ್ಲಿ ಪ್ರಕಟವಾದ ಎಕ್ಸೈಟ್ ಪ್ರಯೋಗ ಇದರ ಫಲವನ್ನು ಸ್ಥಾಪಿಸಿತು. ಎಚ್ಚರವಿರುವ ಹೊತ್ತಿನ ಶೇ. 90ರಷ್ಟು ಕೈಚೀಲ ತೊಟ್ಟಿರಬೇಕೆಂಬುದು ಅಲ್ಲಿನ ಗುರಿ, ಅವಧಿ ಎರಡು ವಾರ. ಬ್ಯಾಟರಿ, ತಂತಿ ಯಾವುದೂ ಇಲ್ಲದ ಈ ತೊಡುಗೆಗಿರುವಷ್ಟು ಪುರಾವೆ ಮುಂದೆ ಬರುವ ಹಲವು ಸಾಧನಗಳಿಗೆ ಇಲ್ಲ. ಆದರೆ ಸೋತ ಕೈಯ ಮಣಿಕಟ್ಟು ಮತ್ತು ಬೆರಳು ತುಸುವಾದರೂ ಬಿಡಿಸಲು ಬರುವವರಿಗೆ ಮಾತ್ರ ಈ ಚಿಕಿತ್ಸೆ ಒಗ್ಗುತ್ತದೆ.

ರಚನೆ

ಅಳೆಯುವ ಸಾಧನದ ತಿರುಳು ಜಡತ್ವ ಮಾಪಕ. ಉಗುರಿನಗಲದ ಚಿಪ್ಪಿನೊಳಗೆ ಮೂರು ದಿಕ್ಕಿನ ವೇಗೋತ್ಕರ್ಷವನ್ನೂ ಮೂರು ಅಕ್ಷಗಳ ಸುತ್ತಲಿನ ತಿರುಗುವಿಕೆಯನ್ನೂ ಅಳೆಯುವ ಸೂಕ್ಷ್ಮ ಯಾಂತ್ರಿಕ ರಚನೆಗಳಿರುತ್ತವೆ, ಕೆಲವದರಲ್ಲಿ ಭೂಕಾಂತ ಮಾಪಕವೂ ಇರುತ್ತದೆ. ಸೆಕೆಂಡಿಗೆ ಹತ್ತಾರು ಬಾರಿ ಓದಿದ ಮಾಹಿತಿಯನ್ನು ಸಾಧನವು ಒಳಗಿನ ಸ್ಮೃತಿಯಲ್ಲಿಟ್ಟುಕೊಂಡು ಆಮೇಲೆ ಬ್ಲೂಟೂತ್ ಮೂಲಕ ಫೋನಿಗೆ ಕಳಿಸುತ್ತದೆ. ಒಂದೇ ಕೈಗೆ ಪಟ್ಟಿ ಕಟ್ಟಿದರೆ ಸಾಲದು. ಎರಡೂ ಮಣಿಕಟ್ಟಿಗೆ ಕಟ್ಟಿ, ಸೋತ ಕೈ ಅಲುಗಿದ ಹೊತ್ತನ್ನು ಒಳ್ಳೆಯ ಕೈ ಅಲುಗಿದ ಹೊತ್ತಿನಿಂದ ಭಾಗಿಸಬೇಕು. ಇದೇ ಬಳಕೆಯ ಅನುಪಾತ. ಸೇಂಟ್ ಲೂಯಿಯ ವಾಷಿಂಗ್ಟನ್ ವಿಶ್ವವಿದ್ಯಾಲಯದ ಕ್ಯಾಥರಿನ್ ಲ್ಯಾಂಗ್ ತಂಡದ ಅಳತೆಯಂತೆ, ಆರೋಗ್ಯವಂತ ವಯಸ್ಕರು ದಿನಕ್ಕೆ ಸುಮಾರು 9 ಗಂಟೆ ಕೈಯಾಡಿಸುತ್ತಾರೆ, ಅವರ ಅನುಪಾತ ಸುಮಾರು 0.95. ಬಲಗೈ ರೂಢಿಯವರೂ ಎಡಗೈಯನ್ನು ಬಹುಮಟ್ಟಿಗೆ ಅಷ್ಟೇ ಹೊತ್ತು ಬಳಸುತ್ತಾರೆ ಎಂದಾಯಿತು.

ಈ ಲೆಕ್ಕದ ಮಿತಿಗಳು ಊರಿನ ಬದುಕಿನಲ್ಲಿ ಎದ್ದು ಕಾಣುತ್ತವೆ. ನಡೆಯುವಾಗ ತಾನಾಗಿ ತೂಗುವ ಕೈಯೂ, ಟಂಟಂ ಗಾಡಿಯಲ್ಲಿ ಕೂತಾಗ ಕುಲುಕಾಡುವ ಕೈಯೂ ಸಂವೇದಕದ ಕಣ್ಣಿಗೆ ಬಳಕೆಯೇ. ಇನ್ನೊಂದೆಡೆ ಜೋಳದ ರೊಟ್ಟಿ ತಟ್ಟುವುದನ್ನು ನೋಡಬಹುದು. ಒಂದು ಕೈ ಹಿಟ್ಟನ್ನು ಬಿಡದೆ ತಟ್ಟುತ್ತಿರುತ್ತದೆ, ಇನ್ನೊಂದು ಅಂಚು ಹರಿಯದಂತೆ ಆತುಕೊಂಡು ಮೆಲ್ಲಗೆ ತಿರುಗಿಸುತ್ತದೆ. ತಟ್ಟುವ ಕೈಗೆ ಎಣಿಕೆ ರಾಶಿ ಬೀಳುತ್ತದೆ, ಆತುಕೊಂಡ ಕೈಗೆ ಬೀಳುವುದು ಕಡಿಮೆ. ಎರಡನೆಯದಿಲ್ಲದೆ ರೊಟ್ಟಿ ಆಗುವುದಿಲ್ಲ ಎಂಬುದು ಅಂಕಿಯಲ್ಲಿ ಕಾಣುವುದಿಲ್ಲ. ವೇಗೋತ್ಕರ್ಷದ ಜೊತೆಗೆ ಮುಂದೋಳಿನ ಓರೆಯನ್ನೂ ಗಮನಿಸಿ ಉದ್ದೇಶಪೂರ್ವಕ ಚಲನೆಯನ್ನು ಬೇರ್ಪಡಿಸುವ ಕ್ರಮಗಳು ಈ ಕೊರತೆಯನ್ನು ಒಂದಿಷ್ಟು ತುಂಬುತ್ತವೆ. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ಬಯೋಎಂಜಿನಿಯರಿಂಗ್ ವಿಭಾಗ ಜಡತ್ವ ಮಾಪಕಗಳಿಂದ ಎರಡು ಕೈಗಳ ತುಲನಾತ್ಮಕ ಬಳಕೆಯನ್ನು ಅಳೆಯುವ ಕೆಲಸ ಮಾಡಿದೆ.

ನಡೆಸುವ ಸಾಧನದಲ್ಲಿ ಸಂವೇದಕದ ಜೊತೆಗೆ ಚಾಲಕ ಭಾಗವೂ ಇರುತ್ತದೆ. ಅದು ಮೋಟಾರು ಮತ್ತು ದಾರ, ಗಾಳಿ ಅಥವಾ ದ್ರವ ತುಂಬುವ ಚೀಲ, ಇಲ್ಲವೇ ಚರ್ಮಕ್ಕೆ ಅಂಟಿಸುವ ವಿದ್ಯುದ್ವಾರ ಆಗಿರಬಹುದು. ರೋಗಿಯ ಇರಾದೆಯನ್ನು ತಿಳಿಯಲು ಸ್ನಾಯುವಿನ ಮೇಲ್ಮೈಯ ವಿದ್ಯುತ್ ಸಂಕೇತವನ್ನು ಓದುವುದು ರೂಢಿ. ಇದು ಮಿಲಿವೋಲ್ಟಿನ ಆಸುಪಾಸಿನ ಬಲು ಕ್ಷೀಣ ಸಂಕೇತ. ಬೆವರಿದ ಚರ್ಮದ ಮೇಲೆ ಅಂಟು ನಿಲ್ಲದಿದ್ದರೆ ಅದೂ ಕೆಡುತ್ತದೆ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಕಲಬುರಗಿ ಸೀಮೆಯಲ್ಲಿ ಇದನ್ನು ಕಡೆಗಣಿಸುವಂತಿಲ್ಲ.

ಬಗೆಗಳು

ಮಣಿಕಟ್ಟಿನ ಪಟ್ಟಿಗಳು ಅಳೆಯುವ ಕೆಲಸವನ್ನಷ್ಟೇ ಮಾಡುತ್ತವೆ. ಕೆಲವು ಪಟ್ಟಿಗಳು ಕೈ ಬಹಳ ಹೊತ್ತು ಸುಮ್ಮನಿದ್ದರೆ ಮೆಲ್ಲಗೆ ಕಂಪಿಸಿ ನೆನಪಿಸುತ್ತವೆ.

ಪ್ರಚೋದಕ ಕವಚಗಳು ಮುಂದೋಳಿನ ಸ್ನಾಯುಗಳಿಗೆ ಸೆಕೆಂಡಿಗೆ ಸಾಮಾನ್ಯವಾಗಿ 20ರಿಂದ 50 ಸ್ಪಂದನಗಳಂತೆ ವಿದ್ಯುತ್ ಕೊಟ್ಟು ಮುಷ್ಟಿ ಬಿಚ್ಚಿಸುತ್ತವೆ. ಎದೆಯಲ್ಲಿ ಪೇಸ್‌ಮೇಕರ್ ಇರುವವರಿಗೆ ಇವು ಸಲ್ಲವು. ಅಪಸ್ಮಾರ ಇರುವವರಲ್ಲೂ ಎಚ್ಚರ ಬೇಕು, ಚರ್ಮದ ಸ್ಪರ್ಶಜ್ಞಾನ ಹೋದವರಲ್ಲಿ ಸುಟ್ಟಗಾಯ ಆಗದಂತೆ ನೋಡಿಕೊಳ್ಳಬೇಕು.

ಹೊರಕವಚಗಳಲ್ಲಿ ಗಟ್ಟಿ ಚೌಕಟ್ಟಿನವು, ಮೆತ್ತನೆಯವು ಎಂದು ಎರಡು ಬಗೆ. ಅಮೆರಿಕದ ಮೈಯೊಪ್ರೊ ಗಟ್ಟಿ ಬಗೆಯದು. ಸೋತ ತೋಳಿನಲ್ಲಿ ಉಳಿದಿರುವ ಸ್ನಾಯು ಸಂಕೇತವನ್ನು ಓದಿ ಅದರ ಮೋಟಾರು ಮೊಣಕೈಯನ್ನು ಮಡಚುತ್ತದೆ, ಬಿಡಿಸುತ್ತದೆ. ಸಂಕೇತವೇ ಇಲ್ಲದಿದ್ದರೆ ಅದು ಕೆಲಸ ಮಾಡದು. ಆ ತೊಡಕನ್ನು ದಾಟಲು ಮಿದುಳಿನ ಅಲೆಗಳನ್ನೇ ಓದುವ ಸಾಧನಗಳು ಬಂದಿವೆ. 2021ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತದ ಒಪ್ಪಿಗೆ ಪಡೆದ ಇಪ್ಸಿಹ್ಯಾಂಡ್ ಪೆಟ್ಟಾಗದ ಮಿದುಳ ಬದಿಯ ಸಂಕೇತದಿಂದ ಕೈಯನ್ನು ತೆರೆಯುತ್ತದೆ, ಮುಚ್ಚುತ್ತದೆ. ಭಾರತದಲ್ಲಿ ಕಾನ್ಪುರದ ಐಐಟಿಯ ಆಶಿಷ್ ದತ್ತಾ ಅವರು ಅಲ್ಸ್ಟರ್ ವಿಶ್ವವಿದ್ಯಾಲಯದ ಗಿರಿಜೇಶ್ ಪ್ರಸಾದ್ ಅವರೊಡನೆ ಮಿದುಳಿನ ಅಲೆಗಳನ್ನೇ ಓದುವ ಎರಡು ಬೆರಳಿನ ಹೊರಕವಚವನ್ನು ಅಭಿವೃದ್ಧಿಪಡಿಸಿದ್ದಾರೆ.

ಸಂವೇದಕ ಕೈಗವಸುಗಳು ಬೆರಳುಗಳ ಭಂಗಿಯನ್ನು ಓದುತ್ತವೆ. ಪರದೆಯ ಮೇಲಿನ ಆಟಕ್ಕೆ ಜೋಡಿಸಿದ ಮಾದರಿಗಳು ಮನೆಯ ಅಭ್ಯಾಸಕ್ಕೆಂದೇ ಇವೆ. ಬೆಂಗಳೂರಿನಲ್ಲಿ ರೂಪುಗೊಂಡ ಕೈಗವಸು ಇದೇ ಬಗೆಗೆ ಸೇರಿದ್ದು.

ಭಾರತೀಯ ವಿಜ್ಞಾನ ಸಂಸ್ಥೆಯ ಕೈಗವಸು

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಭೌತವಿಜ್ಞಾನ ವಿಭಾಗದ ಅವೀಕ್ ಬಿದ್ ಮತ್ತು ಅಭಿಜಿತ್ ಚಂದ್ರ ರಾಯ್ ತಂಡ 2022ರಲ್ಲಿ ಈ ಸಾಧನವನ್ನು ಪ್ರಕಟಿಸಿತು. ಫಿಸಿಯೋಥೆರಪಿಸ್ಟರ ಕೊರತೆ, ಕೋವಿಡ್ ಕಾಲದಲ್ಲಿ ಆಸ್ಪತ್ರೆಗೆ ಬರಲಾಗದ ರೋಗಿಗಳ ಪಾಡು ಇದಕ್ಕೆ ಪ್ರೇರಣೆ. ರೋಗಿ ಮನೆಯಲ್ಲಿ ಕೈಗವಸು ತೊಟ್ಟುಕೊಳ್ಳಬೇಕು, ಚಿಕಿತ್ಸಕರು ಅಂತರ್ಜಾಲದ ಮೂಲಕ ದೂರದಿಂದಲೇ ಬೆರಳುಗಳ ವ್ಯಾಯಾಮ ಮಾಡಿಸಬೇಕು ಎಂಬುದು ಅದರ ಕಲ್ಪನೆ.

ಇಲ್ಲಿ ಚಲನೆಯನ್ನು ಅಳೆಯುವುದು ಬೆಳಕು. ಪಾರದರ್ಶಕವಾದ, ರಬ್ಬರಿನಂತೆ ಬಾಗುವ ಸಿಲಿಕೋನ್ ಪಾಲಿಮರಿನ ಒಂದು ತುದಿಯಲ್ಲಿ ಬೆಳಕಿನ ಮೂಲ, ಇನ್ನೊಂದು ತುದಿಯಲ್ಲಿ ಬೆಳಕಿನ ಗ್ರಾಹಕ ಇರುತ್ತವೆ. ಬೆರಳು ಬಾಗಿದಾಗ ಪಾಲಿಮರಿನ ಆಕಾರ ಬದಲಾಗುತ್ತದೆ. ಒಳಗಿನ ಪ್ರತಿಫಲನ ಮತ್ತು ವಕ್ರೀಭವನದ ದಾರಿ ಅದರೊಡನೆ ಬದಲಾಗಿ, ಗ್ರಾಹಕಕ್ಕೆ ತಲುಪುವ ಬೆಳಕಿನ ಗುಣವೂ ಬೇರೆಯಾಗುತ್ತದೆ. ಆ ವ್ಯತ್ಯಾಸವನ್ನು ಅಂಕಿಗೆ ಇಳಿಸಿದರೆ ಬಾಗಿದ ಕೋನ, ಒತ್ತಡ, ಆಕಾರ ಸಿಗುತ್ತವೆ. ಬೆಳಕು ಸಾಧನದ ಉದ್ದಕ್ಕೂ ಹಾಯುವುದರಿಂದ ಒಟ್ಟು ಬಾಗುವಿಕೆಯಷ್ಟೇ ಅಲ್ಲ, ಬೆರಳಿನ ಒಂದೊಂದು ಗಿಣ್ಣು ಎಷ್ಟು ಬಾಗಿತು ಎಂಬುದೂ ತಿಳಿಯುತ್ತದೆ. ಚಿಕಿತ್ಸೆಯ ದೃಷ್ಟಿಯಿಂದ ಇದು ಸಣ್ಣ ಮಾತಲ್ಲ: ಬಿಗಿತವಿರುವ ಕೈಯಲ್ಲಿ ಬುಡದ ಗಿಣ್ಣು ಬಾಗಿ ತುದಿಯದು ಸೆಟೆದಿರುವುದು, ಅಥವಾ ಇದರ ವಿರುದ್ಧವಾಗಿರುವುದು ಸಾಮಾನ್ಯ.

ಈ ಪಾಲಿಮರನ್ನು ಮೂರು ಆಯಾಮದಲ್ಲಿ ಮುದ್ರಿಸಬಹುದಾದ್ದರಿಂದ ಪ್ರತಿ ರೋಗಿಯ ಕೈಯಳತೆಗೆ ತಕ್ಕಂತೆ ತಯಾರಿಸಲು ಸಾಧ್ಯ. ಹತ್ತು ತಿಂಗಳಿಗೂ ಹೆಚ್ಚು ಕಾಲದ ಪರೀಕ್ಷೆಯಲ್ಲಿ ಸಂವೇದನೆ ಕುಂದಲಿಲ್ಲ. ಬೆಲೆ 1,000 ರೂಪಾಯಿಗಿಂತ ಕಡಿಮೆ ಇರಬಹುದೆಂದು ತಂಡ ಅಂದಾಜು ಮಾಡಿತು, ಪೇಟೆಂಟಿಗೆ ಅರ್ಜಿಯನ್ನೂ ಹಾಕಿತು. ಅಂದಾಜು ಬೆಲೆಯೇ ಮಾರಾಟ ಬೆಲೆಯಲ್ಲ, ಸಾಧನದ ಬಾಳಿಕೆಯ ಪರೀಕ್ಷೆಯೇ ರೋಗಿಗಳ ಮೇಲಿನ ಪ್ರಯೋಗವಲ್ಲ ಎಂಬ ಅಂತರವನ್ನು ಇಲ್ಲಿ ನೆನಪಿಡಬೇಕು.

ಬಳಕೆ ಮತ್ತು ಪುರಾವೆ

ತೊಡುಸಾಧನಗಳನ್ನು ಮೂರು ಕೆಲಸಕ್ಕೆ ಬಳಸುತ್ತಾರೆ: ಅಭ್ಯಾಸದ ಪ್ರಮಾಣವನ್ನು ಹೆಚ್ಚಿಸಲು, ಸೋತ ಕೈಗೆ ನೆರವಾಗಲು, ಮನೆಯಲ್ಲಿನ ಬಳಕೆಯನ್ನು ತಿಳಿಯಲು. ಮೊದಲನೆಯದರ ಅಗತ್ಯವನ್ನು ಒಂದು ಹೋಲಿಕೆ ಹೇಳುತ್ತದೆ. ಪ್ರಾಣಿಗಳ ಪ್ರಯೋಗಗಳಲ್ಲಿ ಮಿದುಳು ಬದಲಾಗಲು ಒಂದು ಸರದಿಯಲ್ಲಿ ನೂರಾರು ಪುನರಾವರ್ತನೆ ಬೇಕಾಯಿತು. ಲ್ಯಾಂಗ್ ತಂಡ 2009ರಲ್ಲಿ ಉತ್ತರ ಅಮೆರಿಕದ ಚಿಕಿತ್ಸಾ ಕೊಠಡಿಗಳಲ್ಲಿ ಕೂತು ಎಣಿಸಿದಾಗ, ತೋಳಿನ ಕಾರ್ಯಾಭ್ಯಾಸ ಸರದಿಗೆ ಸರಾಸರಿ 32 ಬಾರಿ ಮಾತ್ರ ನಡೆಯುತ್ತಿತ್ತು.

ಆದರೂ ಯಂತ್ರ ಕೊಟ್ಟ ಮಾತ್ರಕ್ಕೆ ಕೈ ಮರಳುವುದಿಲ್ಲ. ಬ್ರಿಟನ್ನಿನಲ್ಲಿ 770 ರೋಗಿಗಳ ಮೇಲೆ ನಡೆದು 2019ರಲ್ಲಿ ಪ್ರಕಟವಾದ ರಾಟುಲ್ಸ್ ಪ್ರಯೋಗದಲ್ಲಿ, ರೋಬಾಟ್ ತರಬೇತಿ ಪಡೆದವರ ತೋಳಿನ ಕಾರ್ಯಶಕ್ತಿ ಎಂದಿನ ಆರೈಕೆ ಪಡೆದವರಿಗಿಂತ ಹೆಚ್ಚಲಿಲ್ಲ. ಅಲ್ಲಿ ಬಳಸಿದ್ದು ತೊಡುಸಾಧನವಲ್ಲದಿದ್ದರೂ ಫಲಿತಾಂಶ ಈ ಕ್ಷೇತ್ರವನ್ನೆಲ್ಲ ತಟ್ಟಿತು. 2017ರಲ್ಲಿ ವಾಡೆಲ್, ಲ್ಯಾಂಗ್ ಮೊದಲಾದವರು ಕಂಡದ್ದು ಇನ್ನೂ ಕುತೂಹಲದ್ದು. ತರಬೇತಿಯ ನಂತರ ಆಸ್ಪತ್ರೆಯ ಪರೀಕ್ಷೆಯಲ್ಲಿ ಅಂಕ ಏರಿತ್ತು, ಮಣಿಕಟ್ಟಿನ ಪಟ್ಟಿ ದಾಖಲಿಸಿದ ದಿನನಿತ್ಯದ ಬಳಕೆ ಇದ್ದಲ್ಲೇ ಇತ್ತು. ಪಟ್ಟಿ ಇಲ್ಲದಿದ್ದರೆ ಈ ಬಿರುಕು ಕಾಣುತ್ತಲೇ ಇರಲಿಲ್ಲ. ತೊಡುಸಾಧನದ ಈವರೆಗಿನ ದೊಡ್ಡ ಕೊಡುಗೆಯನ್ನು ಹುಡುಕಬೇಕಾದದ್ದು ಚಿಕಿತ್ಸೆಯಲ್ಲಿ ಅಲ್ಲ, ಅಳತೆಯಲ್ಲಿ.

ಭಾರತದ ಮಟ್ಟಿಗೆ ಮುಖ್ಯವಾದ ಪುರಾವೆ ಅಟೆಂಡ್ ಪ್ರಯೋಗ. ದೇಶದ 14 ಆಸ್ಪತ್ರೆಗಳ 1,250 ರೋಗಿಗಳ ಈ ಅಧ್ಯಯನ 2017ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. ಮನೆಯವರಿಗೇ ವ್ಯಾಯಾಮ ಕಲಿಸಿ ಕಳಿಸಿದರೂ ಆರು ತಿಂಗಳಲ್ಲಿ ಸಾವು ಅಥವಾ ಪರಾವಲಂಬನೆಯ ಪ್ರಮಾಣ ಇಳಿಯಲಿಲ್ಲ. ಸಾಧನವನ್ನು ಮನೆಗೆ ಕೊಟ್ಟು ಮಗಳ ಮೇಲೋ ಸೊಸೆಯ ಮೇಲೋ ಹೊಣೆ ಹೊರಿಸುವ ಯೋಜನೆ ಹಾಕುವವರು ಮೊದಲು ಓದಬೇಕಾದ ವರದಿ ಇದು.

ಕರ್ನಾಟಕದಲ್ಲಿ ಇಂದಿನ ಸ್ಥಿತಿ

ರಾಜ್ಯದಲ್ಲಿ ನರರೋಗಿಗಳ ಪುನಶ್ಚೇತನದ ಅನುಭವ ಹೆಚ್ಚಾಗಿ ಬೆಂಗಳೂರಿನ ನಿಮ್ಹಾನ್ಸ್ ಮತ್ತು ಕರಾವಳಿಯ ಮಣಿಪಾಲದಲ್ಲಿ ಕೇಂದ್ರೀಕೃತವಾಗಿದೆ. ನಿಮ್ಹಾನ್ಸ್‌ನಲ್ಲಿ ನರಪುನಶ್ಚೇತನದ ಪ್ರತ್ಯೇಕ ವಿಭಾಗವಿದೆ, ಮಣಿಪಾಲದ ಆರೋಗ್ಯ ವೃತ್ತಿಗಳ ಕಾಲೇಜಿನಲ್ಲಿ ಪಾರ್ಶ್ವವಾಯು ಪುನಶ್ಚೇತನದ ಸಂಶೋಧನಾ ಕೇಂದ್ರವಿದೆ. 2022ರಲ್ಲಿ ನಿಮ್ಹಾನ್ಸ್, ನೀತಿ ಆಯೋಗ ಮತ್ತು ರಾಜ್ಯ ಆರೋಗ್ಯ ಇಲಾಖೆ ಸೇರಿ ಆರಂಭಿಸಿದ ಕರ್ನಾಟಕ ಮಿದುಳು ಆರೋಗ್ಯ ಉಪಕ್ರಮವು ಜಿಲ್ಲಾ ಮಟ್ಟದಲ್ಲಿ ಪಾರ್ಶ್ವವಾಯುವೂ ಸೇರಿದಂತೆ ನರರೋಗಗಳ ಪತ್ತೆ ಮತ್ತು ಚಿಕಿತ್ಸೆಯನ್ನು ಬಲಪಡಿಸುವ ಗುರಿ ಹೊಂದಿದೆ.

ಅಫಜಲಪುರ ತಾಲೂಕಿನ ಮಣ್ಣೂರದಂಥ ಊರಿನಿಂದ ನೋಡಿದರೆ ಚಿತ್ರ ಬೇರೆ. ಭೀಮಾ ತೀರದ ಈ ಭಾಗದ ರೋಗಿಗೆ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಎಂದರೆ ಕಲಬುರಗಿ, ಇಲ್ಲವೇ ಗಡಿಯಾಚೆಯ ಸೊಲ್ಲಾಪುರ. ರಕ್ತದ ಗಡ್ಡೆ ಕರಗಿಸುವ ಚುಚ್ಚುಮದ್ದನ್ನು ಲಕ್ಷಣ ಕಂಡ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಎಣ್ಣೆ ತಿಕ್ಕಿಸಿ ಕಾದು ನೋಡಿದರೆ ಆ ಹೊತ್ತು ಕಳೆದುಹೋಗುತ್ತದೆ. ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ವಾರಕ್ಕೆ ಮೂರು ದಿನ ಫಿಸಿಯೋಥೆರಪಿಗೆ ಹೋಗಿಬರುವುದೆಂದರೆ ರೋಗಿಯ ಜೊತೆ ಇನ್ನೊಬ್ಬರ ಕೂಲಿಯೂ ಹೋದಂತೆ. ತೊಗರಿ ರಾಶಿಯ ದಿನಗಳಲ್ಲಿ ಇದು ಬಹುತೇಕ ಆಗದ ಮಾತು. ದೂರದಿಂದ ಚಿಕಿತ್ಸೆ ಕೊಡುವ ಸಾಧನಗಳ ಅಗತ್ಯ ಬೆಂಗಳೂರಿಗಿಂತ ಇಲ್ಲಿ ಹೆಚ್ಚು.

ಊರಲ್ಲಿ ಈಗಾಗಲೇ ಇರುವ ಒಂದು ಕೊಂಡಿ ಎಂದರೆ ಅಂಗವಿಕಲರ ಸಬಲೀಕರಣ ಇಲಾಖೆಯ ಪುನರ್ವಸತಿ ಕಾರ್ಯಕರ್ತರು. ಗ್ರಾಮ ಪಂಚಾಯಿತಿಗೆ ಒಬ್ಬ ಗ್ರಾಮೀಣ ಪುನರ್ವಸತಿ ಕಾರ್ಯಕರ್ತ, ತಾಲೂಕಿಗೆ ಒಬ್ಬ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತ ಇರುವ ವ್ಯವಸ್ಥೆ ಇದು. ಗುರುತಿನ ಚೀಟಿ, ಮಾಸಾಶನದ ಅರ್ಜಿಗಳು ಇವರ ದಿನನಿತ್ಯದ ಕೆಲಸ. ಪಟ್ಟಿ ಕಟ್ಟುವುದು, ಚಾರ್ಜು ಮಾಡಿಸುವುದು, ಮಾಹಿತಿಯನ್ನು ಜಿಲ್ಲಾ ಆಸ್ಪತ್ರೆಗೆ ಕಳಿಸುವುದು ಇಂಥವರಿಗೆ ಕಲಿಸಲಾಗದ ಕೆಲಸಗಳಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಡಿ ಪಾರ್ಶ್ವವಾಯುವಿನಿಂದ ಉಳಿದ ತೋಳಿನ ಊನವನ್ನು ಚಲನ ವೈಕಲ್ಯದಲ್ಲಿ ಗಣಿಸಬಹುದು, ಸೌಲಭ್ಯಗಳಿಗೆ ಶೇ. 40ರ ಮಿತಿ ಇದೆ.

ಇಲ್ಲಿನ ಬಳಕೆಗೆ ಸಾಧನವನ್ನು ಒಗ್ಗಿಸುವ ಸಣ್ಣಪುಟ್ಟ ವಿಚಾರಗಳೂ ಉಂಟು. ಕೈತುಂಬ ಗಾಜಿನ ಬಳೆ ತೊಡುವವರಿಗೆ ಪಟ್ಟಿಯನ್ನು ಬಳೆಗಳಿಗಿಂತ ಮೇಲೆ, ಎರಡೂ ಕೈಗೆ ಒಂದೇ ಎತ್ತರದಲ್ಲಿ ಕಟ್ಟಬೇಕು, ಇಲ್ಲವಾದರೆ ಅನುಪಾತ ತಪ್ಪುತ್ತದೆ. ಬಲಗೈಯಲ್ಲೇ ಉಣ್ಣುವ, ಎಡಗೈಯನ್ನು ಶೌಚಕ್ಕೆ ಮೀಸಲಿಟ್ಟ ಸಮಾಜದಲ್ಲಿ ಯಾವ ಕೈ ಸೋತಿತು ಎಂಬುದರ ಮೇಲೆ ಅಭ್ಯಾಸದ ಗುರಿಗಳೇ ಬದಲಾಗುತ್ತವೆ. ಬಲಗೈ ಸೋತವರು ಎಡಗೈಯಲ್ಲಿ ಉಣ್ಣಲು ನಾಚಿ ನಾಲ್ಕು ಜನರ ಪಂಕ್ತಿಯನ್ನೇ ತಪ್ಪಿಸಬಹುದು. ಚಮಚ ಹಿಡಿಯುವುದನ್ನು ಗುರಿಯಾಗಿಟ್ಟ ಆಮದು ಸಾಧನಗಳು ರೊಟ್ಟಿ ಮುರಿದು ಪಲ್ಯ ಹಚ್ಚಿಕೊಳ್ಳುವ ಐದು ಬೆರಳಿನ ಚಲನೆಯನ್ನು ಗಣನೆಗೆ ತಂದುಕೊಂಡಿಲ್ಲ. ಧ್ವನಿ ಸೂಚನೆ ಕನ್ನಡದಲ್ಲಿರುವುದೂ ಅಗತ್ಯ. ಎಡಮಿದುಳಿನ ಸ್ಟ್ರೋಕ್‌ನಿಂದ ಮಾತು ಸೋತವರಿಗೆ ಅದೂ ಸಾಲದೆ ಚಿತ್ರ ಬೇಕಾಗುತ್ತದೆ.

ನಿಯಂತ್ರಣ

ಭಾರತದಲ್ಲಿ ಈ ಸಾಧನಗಳು 2017ರ ವೈದ್ಯಕೀಯ ಸಾಧನಗಳ ನಿಯಮಗಳ ವ್ಯಾಪ್ತಿಗೆ ಬರುತ್ತವೆ. 2020ರ ಏಪ್ರಿಲ್ 1ರಿಂದ ಎಲ್ಲ ವೈದ್ಯಕೀಯ ಸಾಧನಗಳನ್ನೂ ಕಾನೂನಿನ ದೃಷ್ಟಿಯಲ್ಲಿ ಔಷಧವೆಂದೇ ಪರಿಗಣಿಸಲಾಗಿದ್ದು, ಕೇಂದ್ರ ಔಷಧ ಗುಣಮಟ್ಟ ನಿಯಂತ್ರಣ ಸಂಸ್ಥೆ ಅವನ್ನು ಅಪಾಯದ ಮಟ್ಟಕ್ಕೆ ತಕ್ಕಂತೆ ವರ್ಗೀಕರಿಸುತ್ತದೆ. ಹೆಜ್ಜೆ ಎಣಿಸುವ ಸಾಮಾನ್ಯ ಕೈಗಡಿಯಾರಗಳು ಚಿಕಿತ್ಸೆಯ ಉದ್ದೇಶವನ್ನು ಹೇಳಿಕೊಳ್ಳದೆ ಇದರ ಹೊರಗೆ ಉಳಿಯುತ್ತವೆ. ಅವುಗಳ ಅಂಕಿಗಳನ್ನು ತೋಳಿನ ಚೇತರಿಕೆಯ ಅಳತೆಯಾಗಿ ತೆಗೆದುಕೊಳ್ಳಲಾಗದು. ಫಿಸಿಯೋಥೆರಪಿ ವೃತ್ತಿಯನ್ನು 2021ರ ರಾಷ್ಟ್ರೀಯ ಸಹವರ್ತಿ ಮತ್ತು ಆರೋಗ್ಯ ವೃತ್ತಿಗಳ ಆಯೋಗ ಕಾಯ್ದೆ ನಿಯಂತ್ರಣದ ಚೌಕಟ್ಟಿಗೆ ತಂದಿದೆ. ರೋಗಿ ಯಾವಾಗ ಎದ್ದ, ಎಷ್ಟು ಹೊತ್ತು ಮಲಗಿದ, ಯಾವ ಕೈ ಆಡಿಸಿದ ಎಂಬೆಲ್ಲ ವಿವರ ಈ ಪಟ್ಟಿಗಳಲ್ಲಿ ದಾಖಲಾಗುವುದರಿಂದ, 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ ಅವನ್ನು ಸಂಗ್ರಹಿಸಲು ರೋಗಿಯ ತಿಳಿವಳಿಕೆಯುಳ್ಳ ಒಪ್ಪಿಗೆ ಪಡೆಯಬೇಕು. ಕೊಟ್ಟ ಒಪ್ಪಿಗೆಯನ್ನು ಹಿಂಪಡೆಯುವ ಹಕ್ಕೂ ರೋಗಿಗೆ ಇದೆ.